ದೊಡ್ಡಮ್ಮನಿಗೊಂದು ಫಿಟ್ಟಿಂಗ್

ಲೇತ್ ಅಂಗಡಿಗೆ ಮೊದಲು ಎಣ್ಣೆಯ ವಾಸನೆ ಬಂತು, ಹಿಂದೆಯೇ ಅವಳು ಬಂದಳು. ನೆತ್ತಿಯಿಂದ ಚಪ್ಪಲಿಯವರೆಗೆ ಸ್ಟಿಯರಿಂಗ್ ಎಣ್ಣೆ. ಕಾಯುತ್ತಿದ್ದ ಗಿರಾಕಿಗಳು ತಾವಾಗಿಯೇ ದಾರಿ ಬಿಟ್ಟರು. ಹೆಬ್ಬೆರಳು ಗಾತ್ರದ ಉಕ್ಕಿನ ಫಿಟ್ಟಿಂಗೊಂದನ್ನು ಅವಳು ಮೇಜಿನ ಮೇಲೆ ಕುಕ್ಕಿದಳು.

“ನೀವು ಮಾಡಿಕೊಟ್ಟಿದ್ದು. ಸೋರುತ್ತೆ.”

ಲೇತ್‌ನವನು ಉಕ್ಕು ಕಡೆಯುವ ಮಿಷಿನ್ ನಿಲ್ಲಿಸಿದ. ಪೇಟೆಯವರೆಲ್ಲ ಅವನನ್ನು ಕರೆಯುತ್ತಿದ್ದುದು ನಿಧಾನಿ ಎಂದು. ನೆಲಕ್ಕೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿಕೊಂಡೇ ಓಡುವ ಆಸಾಮಿ. ಫಿಟ್ಟಿಂಗನ್ನು ಒರೆಸಿ ಬೆಳಕಿಗೆ ಹಿಡಿದ. ಅವನ ಕಣ್ಣು ಅದರಿಂದ ಜಾರಿ, ಅವಳ ಹುಬ್ಬಿನಿಂದ ಇಳಿಯುತ್ತಿದ್ದ ಹನಿಯ ಮೇಲೆ ಒಂದು ಗಳಿಗೆ ನಿಂತು, ನಾಚಿ ವಾಪಸ್ ಬಂತು.

“ಬೆರಳಲ್ಲೇ ತಿರುಗಿತಾ, ಸ್ಪ್ಯಾನರ್ ಹಾಕಬೇಕಾಯ್ತಾ?”

“ಬೆರಳಲ್ಲೇ ಹೋಯ್ತು.”

“ಹಾಗಾದ್ರೆ ಇದೇ ಸರಿ. ಜೋಡಿ ಹೌದೋ ಅಲ್ವೋ ಬೆರಳಿಗೆ ಗೊತ್ತಾಗುತ್ತೆ. ಸ್ಪ್ಯಾನರ್ ಏನಿದ್ರೂ ಕೊನೆಗೆ.”

“ಸರಿ ಇದ್ರೆ ಎಣ್ಣೆ ನನ್ನ ತಲೆ ಮೇಲೆ ಯಾಕಿದೆ?”

ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದರು.

“ಪಂಪ್ ತನ್ನಿ, ನೋಡ್ತೀನಿ.”

“ಪಂಪ್ ನಾನೇ ಬಿಚ್ಚಿ ನಾನೇ ತೊಳೆದಿದ್ದು. ಅದರಲ್ಲಿ ಏನೂ ಇಲ್ಲ. ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಿ.”

ಎಲ್ಲರ ಮುಂದೆ ಅಷ್ಟಂದು ಅವಳು ಹೊರಟೇ ಹೋದಳು. ಫಿಟ್ಟಿಂಗ್ ಮೇಜಿನ ಮೇಲೆಯೇ ಉಳಿಯಿತು.

ಅವಳ ಸಿಟ್ಟಿಗೆ ಕಾರಣ ಮನೆಯ ಅಂಗಳದಲ್ಲಿ ನಿಂತಿತ್ತು. ಅಪ್ಪನ ಹಳೆಯ ಲಾರಿ. ಇವಳು ಹುಟ್ಟುವ ಮೊದಲೇ ಮನೆಗೆ ಬಂದದ್ದರಿಂದ ಅದಕ್ಕೆ ದೊಡ್ಡಮ್ಮ ಎಂದೇ ಹೆಸರು. ಹೋದ ವರ್ಷ ಅಪ್ಪ ಬಿದ್ದು ಭುಜ ಮುರಿದುಕೊಂಡ ಮೇಲೆ ಆ ಸ್ಟಿಯರಿಂಗ್ ಅವರ ಕೈಗೆ ಬಗ್ಗಲಿಲ್ಲ. ನಾಲ್ಕು ಸಲ ಎಳೆದು ನೋಡಿ, ಇಳಿದು ಒಳಗೆ ಹೋದವರು ಮತ್ತೆ ಅಂಗಳಕ್ಕೆ ಬಂದಿರಲಿಲ್ಲ. ಗುಜರಿಯವನಿಗೆ ಫೋನ್ ಮಾಡಿ, ಈ ಭಾನುವಾರ ಬಂದು ಒಯ್ಯಿ ಎಂದೂ ಹೇಳಿಬಿಟ್ಟಿದ್ದರು.

ಸ್ಕೂಲ್ ವ್ಯಾನ್ ಓಡಿಸುವ ಮಗಳು ಸುಮ್ಮನಿರುವ ಪೈಕಿ ಅಲ್ಲ. ಬೇರೊಂದು ಲಾರಿಯ ಪವರ್ ಸ್ಟಿಯರಿಂಗನ್ನು ಪಂಪ್ ಸಮೇತ ತಂದು, ರಜೆ ಹಾಕಿ, ದೊಡ್ಡಮ್ಮನಿಗೆ ಕೂರಿಸಿದ್ದಳು. ಉಳಿದಿದ್ದು ಪಂಪಿಗೂ ಪೈಪಿಗೂ ನಡುವಿನ ಆ ಒಂದು ಫಿಟ್ಟಿಂಗ್. ಆನೆ ಹೋಗಿ ಬಾಲ ಸಿಕ್ಕಿಕೊಂಡಿತ್ತು.

ಪಂಪನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಪೇಟೆಯನ್ನೆಲ್ಲ ಅಲೆದಳು. ಒಂದು ಫಿಟ್ಟಿಂಗ್ ಸಡಿಲ. ಇನ್ನೊಂದು ಎರಡು ಸುತ್ತಿಗೇ ಬಿಗಿ. ಒಬ್ಬ ಅಂಗಡಿಯವನು, “ಯಾಕೆ ಬರಲ್ಲ, ಬರುತ್ತೆ” ಎಂದು ಉದ್ದನೆಯ ಸ್ಪ್ಯಾನರ್ ತೆಗೆದ. ಅವಳು ಪಂಪನ್ನು ಕಿತ್ತುಕೊಂಡಳು. ಬೆರಳಿಗೆ ಗೊತ್ತಾಗುತ್ತೆ ಎಂಬ ಮಾತು ಬೇಡವೆಂದರೂ ನೆನಪಾಯಿತು, ಮಾತಿನ ಜೊತೆ ಆ ನಾಚಿದ ಕಣ್ಣೂ ನೆನಪಾಯಿತು. ಅವಳಿಗೆ ತನ್ನ ಮೇಲೇ ರೇಗಿತು.

ಶನಿವಾರ ಮಧ್ಯಾಹ್ನ ಗುಜರಿ ರಾಶಿಯ ಒಂದು ಬದಿಯಿಂದ ಅವಳು ಹತ್ತಿದರೆ, ಇನ್ನೊಂದು ಬದಿಯಿಂದ ಅವನು ಹತ್ತಿ ಬರುತ್ತಿದ್ದ.

“ನೀವೇನು ಇಲ್ಲಿ?”

“ನೀವು ಬೈದ ಮೇಲೆ ನನಗೇ ಅನುಮಾನ ಬಂತು. ಅಂಥದೇ ಪಂಪಿನ ಹಳೇ ಫಿಟ್ಟಿಂಗ್ ಸಿಕ್ಕಿದ್ರೆ ಪಕ್ಕಕ್ಕೆ ಇಟ್ಟು ನೋಡೋಣ ಅಂತ.”

“ಅಂಗಡಿ?”

“ಮುಚ್ಚಿದ್ದೀನಿ.”

“ನೀವು ಅಂಗಡಿ ಮುಚ್ಚಿ ಬಂದ್ರಾ? ನನಗೋಸ್ಕರ?”

“ಫಿಟ್ಟಿಂಗ್‌ಗೋಸ್ಕರ,” ಎಂದ ಅವನು, ಫಿಟ್ಟಿಂಗೇ ಇಲ್ಲದ ಕಡೆ ನೋಡುತ್ತ. ಅವನ ಕಿವಿ ಕೆಂಪಾಗಿದ್ದುದನ್ನು ಅವಳು ಕಂಡಳು. ಕಂಡೂ ಕಾಣದ ಹಾಗೆ ತುಕ್ಕು ಹಿಡಿದ ಬಂಪರ್ ಒಂದನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದಳು.

ಕೊನೆಗೆ ಸಿಕ್ಕಿದ್ದು ಅವಳಿಗೆ. ಮಣ್ಣು ಮೆತ್ತಿದ ಅಂಥದೇ ಪಂಪೊಂದರಲ್ಲಿ ಕಂಪನಿಯ ಫಿಟ್ಟಿಂಗೇ ಕೂತಿತ್ತು. ಬಿಚ್ಚಿದರು. ಅವನು ಜೇಬಿನಿಂದ ತನ್ನದನ್ನು ತೆಗೆದು ಪಕ್ಕಕ್ಕಿಟ್ಟ. ಅದೇ ಅಳತೆ, ಅದೇ ಥ್ರೆಡ್. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಅವನು ಗೆದ್ದೆ ಎನ್ನಲಿಲ್ಲ, ನಗಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

“ಮನೆಗೆ ಬನ್ನಿ. ಪಂಪ್ ನೋಡಿ,” ಎಂದಳು.

ಅಂಗಳದಲ್ಲಿ ಪಂಪನ್ನು ಮೊಣಕಾಲ ಮೇಲಿಟ್ಟುಕೊಂಡು ಅವನು ಅದರ ಬಾಯೊಳಗೆ ಕಿರುಬೆರಳು ಇಳಿಸಲು ನೋಡಿದ. ಹೋಗಲಿಲ್ಲ.

“ನಿಮ್ಮ ಬೆರಳು ಸಣ್ಣ. ತಳದಲ್ಲಿ ಅಂಚು ಸಿಗುತ್ತಾ ನೋಡಿ.”

ಅವಳು ಬೆರಳಿಟ್ಟಳು. ಸಿಕ್ಕಿತು. ಅವನು ತಂತಿಯ ತುದಿ ಬಗ್ಗಿಸಿ ಕೊಟ್ಟ. ಅವಳು ಕೊಕ್ಕೆ ಹಾಕಿ ಮೀಟಿದಾಗ ಹೊರಬಂದದ್ದು ಒಂದು ತಾಮ್ರದ ವಾಷರ್. ಅಪ್ಪಚ್ಚಿಯಾಗಿ, ಕಪ್ಪಾಗಿ, ತೊಳೆದವರ ಕಣ್ಣಿಗೂ ಪಂಪಿನ ತಳವೇ ಎನ್ನುವಂತೆ ಅಂಟಿಕೊಂಡಿದ್ದ ಹಳೆಯ ವಾಷರ್. ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರದೆ ಇನ್ನೇನು?

“ತಪ್ಪು ನನ್ನದು,” ಎಂದಳು. “ನೀವು ಮಾಡಿದ್ದು ಸರಿ ಇತ್ತು.”

“ಇದು ಯಾರ ಕಣ್ಣಿಗೂ ಬೀಳಲ್ಲ ಬಿಡಿ.”

“ಬಿಡಲ್ಲ.”

ಪಂಪ್ ಮತ್ತೆ ಲಾರಿಗೆ ಕೂತಿತು. ಹೊಸ ವಾಷರ್ ಹಾಕಿ, ಬೆರಳಲ್ಲೇ ತಿರುಗಿಸಿ, ಕೊನೆಗೊಂದು ಸಲ ಸ್ಪ್ಯಾನರ್ ಹಿಡಿದರು. ಅವಳು ಮನೆಯ ಕಿಟಕಿಯ ಹತ್ತಿರ ಹೋದಳು.

“ಅಪ್ಪ, ದೊಡ್ಡಮ್ಮ ಕರೀತಿದ್ದಾಳೆ.”

“ಕೊಟ್ಟಾಯ್ತಲ್ಲ ಕಣೇ, ಇನ್ನೇನು.”

“ಕೊಡೋ ಮೊದಲು ಒಂದ್ಸಲ ಮಾತಾಡಿಸಿ.”

“ಬನ್ನಿ ಯಜಮಾನರೇ,” ಎಂದು ನಿಧಾನಿ ಬಾಗಿಲು ತೆಗೆದು ಹಿಡಿದ.

ಅಪ್ಪ ಹತ್ತಿ ಕೂತರು. ಎಂಜಿನ್ ಗುರುಗುಟ್ಟಿತು. ಅವರು ಹಲ್ಲು ಕಚ್ಚಿ ಸ್ಟಿಯರಿಂಗ್ ಎಳೆದರು. ಅಷ್ಟು ಬಲ ಬೇಕಿರಲೇ ಇಲ್ಲ. ಚಕ್ರ ಸರ್ರನೆ ಹೊರಳಿತು. ಇನ್ನೊಂದು ಕಡೆಗೆ ಒಂದೇ ಕೈಯಲ್ಲಿ ತಿರುಗಿಸಿದರು. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ತುಂಬ ಹೊತ್ತು ಅವರು ಹಾಗೇ ಆಚೆ ಈಚೆ ತಿರುಗಿಸುತ್ತ ಕೂತರು.

“ಗುಜರಿಯವನಿಗೆ ಬರಬೇಡ ಅಂತ ಹೇಳಮ್ಮ,” ಎಂದು ಕಣ್ಣೊರೆಸಿಕೊಂಡರು.

ಗೇಟಿನ ಹತ್ತಿರ ನಿಧಾನಿ ಚಪ್ಪಲಿ ಹಾಕುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ.

“ಲಾರಿ ಹಳೇದು,” ಎಂದ. “ಏನಾದ್ರೂ ಕೆಡ್ತಾ ಇರುತ್ತೆ. ಬರ್ತಾ ಇರಿ.”

“ಲಾರಿ ಕೆಡಲಿ ಅಂತ ಕಾದು ಕೂರೋಳಲ್ಲ ನಾನು,” ಎಂದಳು. ಇವನನ್ನು ಬಿಡಬಾರದು ಎಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು.

ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಲೇತ್ ಅಂಗಡಿಯ ಬೀದಿಯನ್ನೇ ತುಂಬಿಕೊಂಡು ಬಂದು ನಿಂತಳು. ಸ್ಟಿಯರಿಂಗ್ ಹಿಡಿದಿದ್ದವರು ಅಪ್ಪ. ಮಗಳು ಬರಿಗೈಯಲ್ಲಿ ಇಳಿದಳು. ಗಿರಾಕಿಗಳು ಹಳೆಯ ಅನುಭವದಿಂದ ದಾರಿ ಬಿಟ್ಟರು.

“ಅವತ್ತು ಎಲ್ಲರ ಮುಂದೆ ಬೈದೆ. ಇವತ್ತು ಎಲ್ಲರ ಮುಂದೇ ಹೇಳ್ತೀನಿ. ಇವರ ಸಾಮಾನು ಸರಿ ಇತ್ತು, ಕಣ್ಣು ಸರಿ ಇಲ್ಲದೇ ಇದ್ದಿದ್ದು ನನಗೆ.” ಅವನ ಕಡೆ ತಿರುಗಿದಳು. “ನಿಮ್ಮನ್ನ ಮದುವೆ ಆಗಬೇಕು ಅಂತಿದ್ದೀನಿ. ನಿಮಗೆ ಹೇಗೆ ಅನಿಸುತ್ತೆ?”

ಲೇತ್ ತಿರುಗುತ್ತಲೇ ಇತ್ತು. ನಿಧಾನಿ ಕೈಯಲ್ಲಿದ್ದ ಬೋಲ್ಟನ್ನು ಒರೆಸಿದ, ಮತ್ತೆ ಒರೆಸಿದ.

“ಹೇಳಯ್ಯಾ, ಹೂಂ ಅನ್ನೋಕೆ ಇಷ್ಟು ಹೊತ್ತಾ?” ಎಂದ ಒಬ್ಬ ಗಿರಾಕಿ.

“ಯಾರೂ ಸ್ಪ್ಯಾನರ್ ಹಾಕಬೇಡಿ,” ಎಂದಳು ಅವಳು. “ತಾನಾಗೇ ಬಂದ್ರೆ ಬರಲಿ.”

ಅವನು ಮಿಷಿನ್ ನಿಲ್ಲಿಸಿದ. ಕೈ ತೊಳೆದ. ಉಗುರಿನ ಸಂದಿಯನ್ನೂ ಬಿಡದೆ ತೊಳೆದ. ಒರೆಸಿಕೊಂಡು, ಅವಳನ್ನು ದಾಟಿ ನೇರ ಲಾರಿಯ ಹತ್ತಿರ ನಡೆದ. ಅವನು ತಲೆಯೆತ್ತಿ ಅಪ್ಪನನ್ನು ನೋಡಿದ.

“ಮಾವ,” ಎಂದ, “ಆ ಕಡೆ ಬಾಗಿಲು ತೆಗೀರಿ. ನಾವಿಬ್ಬರೂ ಹತ್ತುತ್ತೀವಿ.”