ಎರಡನೆಯ ಅಚ್ಚು

ಹಲ್ಲಿನ ಡಾಕ್ಟರನನ್ನು ಕೊಲ್ಲಬೇಕೆಂದು ಸುಣ್ಣದಣ್ಣನಿಗೆ ಅನ್ನಿಸಿದ್ದು ಒಂದೇ ಒಂದು ಹಲ್ಲಿನ ದೆಸೆಯಿಂದ. ಒಬ್ಬ ಟೀಚರಮ್ಮನ ಮೇಲ್ದವಡೆಯ ಮುಂದಿನ ಹಲ್ಲು. ಇವನು ಮಾಡಿಕೊಟ್ಟ ಕ್ಯಾಪು ಅಕ್ಕಪಕ್ಕದ ಹಲ್ಲುಗಳಿಗಿಂತ ಕೂದಲೆಳೆಯಷ್ಟು ಹೆಚ್ಚು ಬೆಳ್ಳಗಾಗಿತ್ತು. ಆಕೆ ಕನ್ನಡಿ ನೋಡಿ ಅತ್ತಳಂತೆ. ಡಾಕ್ಟರ, ಇವನು ಹಲ್ಲು ಮಾಡುವ ಲ್ಯಾಬಿಗೇ ಬಂದು, ಹನ್ನೊಂದು ಜನರೆದುರು ಆ ಕ್ಯಾಪನ್ನು ಇವನ ಮೇಜಿನ ಮೇಲೆ ಎಸೆದು, "ನಿನ್ನ ಕಣ್ಣಿಗೆ ವಯಸ್ಸಾಯ್ತು ಕಣಯ್ಯಾ. ಹೋಗಿ ಗೋಡೆಗೆ ಸುಣ್ಣ ಹೊಡಿ" ಎಂದಿದ್ದ.

ತಪ್ಪು ಡಾಕ್ಟರನದೇ. ಹಲ್ಲಿನ ಬಣ್ಣವನ್ನು ರೋಗಿ ಬಾಯಿ ತೆರೆದ ಕೂಡಲೇ, ಎಂಜಲಿನ ಪಸೆ ಆರುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಅರ್ಧ ಗಂಟೆ ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ಇಲ್ಲದ ಬಿಳುಪು ತೋರಿಸುತ್ತದೆ. ಆ ಮನುಷ್ಯ ಕೆಲಸವೆಲ್ಲ ಮುಗಿಸಿ ಆಮೇಲೆ ಬಣ್ಣ ನೋಡಿದ್ದ. ಅವನು ಚೀಟಿಯಲ್ಲಿ ಬರೆದಂತೆಯೇ ಇವನು ಮಾಡಿದ್ದ. ಅಷ್ಟನ್ನು ಹೇಳಲು ಬಾಯಿ ತೆರೆದರೆ ಲ್ಯಾಬಿನ ಯಜಮಾನರು ಕೈ ಎತ್ತಿ ತಡೆದರು. ಮರುದಿನದಿಂದ ಬಣ್ಣದ ಕೋಣೆ ಜೊತೆಗೆಲಸದ ತುಕ್ಕು ಎಂಬವನ ಪಾಲಾಯಿತು, ಪ್ಲಾಸ್ಟರ್ ಕೋಣೆ ಇವನ ಪಾಲಿಗೆ ಬಂತು. ಇಪ್ಪತ್ತಾರು ವರ್ಷ 'ಬಣ್ಣದ ಕಣ್ಣು' ಎನ್ನಿಸಿಕೊಂಡವನನ್ನು ಈಗ ಎಲ್ಲರೂ 'ಸುಣ್ಣದಣ್ಣ' ಎಂದು ಕರೆದು ಹಲ್ಲು ಕಿಸಿಯುತ್ತಿದ್ದರು.

"ಹೋಗ್ಲಿ ಬಿಡಿ, ಕೆಲಸ ಏನೂ ಹೋಗಿಲ್ವಲ್ಲ" ಎಂದಳು ಹೆಂಡತಿ.

ಅವಳಿಗೇನು ಗೊತ್ತು. ಹೋದದ್ದು ಹೆಸರು. ಅದನ್ನು ಕಿತ್ತುಕೊಂಡ ಬಾಯನ್ನು ಜಜ್ಜುವವರೆಗೆ ತನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೊಲೆ ತನ್ನ ಕೈಯದು, ನೇಣಿಗೆ ಕೊರಳು ಮಾತ್ರ ತುಕ್ಕುವಿನದು: ಇದು ಅವನ ಲೆಕ್ಕ.

ತುಕ್ಕು ಎಂಬುದು ಅಡ್ಡಹೆಸರು. ಎಳವೆಯಲ್ಲಿ ಕುಡಿದ ಯಾವುದೋ ಬಾವಿಯ ನೀರು ಅವನ ಹಲ್ಲುಗಳ ಮೇಲೆ ಕಂದು ಪಟ್ಟೆಗಳನ್ನು ಬಿಟ್ಟಿತ್ತು. ಎಡಗಡೆಯ ಕೋರೆಹಲ್ಲು ಬೇರೆ ಸೊಟ್ಟ. ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದ. ಕಾಫಿಯ ಕಲೆ ತಿಕ್ಕಿದರೆ ಹೋಗುತ್ತದೆ, ವಯಸ್ಸಿನ ಹಳದಿ ಬ್ಲೀಚಿಗೆ ಬಗ್ಗುತ್ತದೆ. ಆದರೆ ಇದು ಹಲ್ಲಿನೊಳಗೇ ಕೂತ ಕಲೆ, ಬ್ಲೀಚ್ ಮಾಡಿದರೆ ಸುತ್ತಲಿನ ಬಿಳುಪು ಹೆಚ್ಚಿ ಪಟ್ಟೆ ಇನ್ನೂ ಎದ್ದು ಕಾಣುತ್ತದೆ. ಸುಡುಗಾಡಿನವರೆಗೂ ಈ ಗುರುತು ಅವನನ್ನು ಬಿಡುವುದಿಲ್ಲ ಎಂದು ಸುಣ್ಣದಣ್ಣ ಅನುಭವದಿಂದ ಬಲ್ಲ.

ಅದೃಷ್ಟವೂ ಅವನ ಕಡೆಗೇ ವಾಲಿತು. ಒಂದು ಬೆಳಿಗ್ಗೆ ಡಾಕ್ಟರನ ಕ್ಲಿನಿಕ್ಕಿನಿಂದ ಬಂದ ಹಲ್ಲಿನ ಅಚ್ಚುಗಳಲ್ಲಿ ಆ ಸೊಟ್ಟ ಕೋರೆ ಕಂಡಿತು. ಚೀಟಿಯ ಮೇಲೆ ಹೆಸರಿರಲಿಲ್ಲ, ಎಂದಿನಂತೆ ನಂಬರು ಮಾತ್ರ. ಚೀಟಿಯ ಮೊದಲ ಸಾಲು ಪ್ಲಾಸ್ಟರ್ ಕೋಣೆಯದು, ಕೆಳಗಿನ ಸಾಲುಗಳು ಬಣ್ಣದ ಕೋಣೆಯವು. ಸುಣ್ಣದವನಿಗೆ ಬಣ್ಣದ ಉಸಾಬರಿ ಯಾಕೆ ಎಂಬ ಹಟದಿಂದ ಅವನು ಆ ಸಾಲುಗಳ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟಿದ್ದ. ಪ್ಲಾಸ್ಟರ್ ಕಲಸಿ ಎರೆದ, ಚೀಟಿಗೆ ಸಹಿ ಹಾಕಿ ಮೇಲಂತಸ್ತಿನ ಬಣ್ಣದ ಕೋಣೆಗೆ ಕಳಿಸಿದ. ಆಮೇಲೆ ಅದೇ ಅಚ್ಚಿನಲ್ಲಿ ಎರಡನೆಯದನ್ನು ಎರೆದು ಚೀಲದೊಳಗೆ ಇಳಿಸಿದ.

ಮೂರು ದಿನ ಬಿಟ್ಟು ಮೇಲಿನಿಂದ ಕೂಗಾಟ ಕೇಳಿತು.

"ಇನ್ನೂ ಬಿಳಿ ಮಾಡು ಅಂದ್ರೆ ಮಾಡು!" ಡಾಕ್ಟರನ ಗಂಟಲು.

"ಆಗಲ್ಲ ಸಾರ್! ಕೊಂದ್ರೂ ಮಾಡಲ್ಲ!" ತುಕ್ಕುವಿನದು.

ಇಡೀ ಲ್ಯಾಬು ಕೇಳಿಸಿಕೊಂಡಿತು. ಕೊಲೆಗೊಂದು ಕಾರಣ ಬೇಕಿತ್ತು, ಅದೂ ಕೈಗೆ ಬಂತು.

ಎರಡು ವಾರ ಬಚ್ಚಲುಮನೆಯ ಕನ್ನಡಿ ಮುಂದೆ ಕೂತು, ಆ ಎರಡನೆಯ ಅಚ್ಚನ್ನು ನೋಡಿಕೊಂಡು, ತನ್ನ ಹಲ್ಲಿನ ಮೇಲೆ ಕೂರುವ ತೆಳುವಾದ ರೆಸಿನ್ ಕವಚ ಮಾಡಿದ. ಮೇಲೊಂದು, ಕೆಳಗೊಂದು. ಕಂದು ಪಟ್ಟೆಗಳನ್ನು ಒಂದೊಂದಾಗಿ ಎಳೆದ. ಮುಗಿಸಿ ಹಲ್ಲು ಬಿಟ್ಟಾಗ ಕನ್ನಡಿಯೊಳಗಿಂದ ತುಕ್ಕು ನಕ್ಕ. ಯಾರ ಕಣ್ಣಿಗೋ ವಯಸ್ಸಾಗಿದ್ದು? ಅವನಿಗೆ ಖುಷಿಯಿಂದ ಅಳು ಬಂತು.

ತುಕ್ಕು ರಜೆ ಹಾಕಿದ ದಿನವನ್ನೇ ಆರಿಸಿಕೊಂಡ. ಮಧ್ಯಾಹ್ನ ಒಂದೂವರೆಗೆ ಪ್ಲಾಸ್ಟರ್ ಕೋಣೆಯ ಬಾಗಿಲು ಹಾಕಿ, ಅಚ್ಚು ಅರೆಯುವ ಯಂತ್ರವನ್ನು ಗರ್ರೆನ್ನಲು ಬಿಟ್ಟು, ಹಿಂಬಾಗಿಲಿನಿಂದ ಹೊರಬಿದ್ದ. ಲ್ಯಾಬಿನ ನೀಲಿ ಕೋಟು, ಟೋಪಿ, ಕಪ್ಪು ಕನ್ನಡಕ. ಕ್ಲಿನಿಕ್ಕಿನ ಎದುರಿನ ಟೈಲರ್ ತಲೆ ಎತ್ತಿದಾಗ ಬಾಯಿತುಂಬ ಹಲ್ಲು ತೋರಿಸಿದ.

"ಏನಪ್ಪಾ ತುಕ್ಕು, ಇವತ್ತು ಭಾರಿ ನಗು!" ಎಂದ ಟೈಲರ್.

ಊಟದ ಹೊತ್ತಾದ್ದರಿಂದ ಒಳಗೆ ಬೇರೆ ಯಾರೂ ಇರಲಿಲ್ಲ. ಡಾಕ್ಟರ ರೋಗಿಗಳ ಕುರ್ಚಿಯಲ್ಲೇ ಕಾಲು ಚಾಚಿ ಮಲಗಿದ್ದ. ಹೆಜ್ಜೆ ಸದ್ದಿಗೆ ಕಣ್ಣು ಬಿಟ್ಟು, ಮೇಲೆ ಬಾಗಿದ್ದ ಬಾಯನ್ನೇ ದಿಟ್ಟಿಸಿದ.

"ಅಯ್ಯೋ, ಇಷ್ಟು ಬೇಗ ಬಿದ್ದೋಯ್ತೇನೋ?"

ನಿದ್ದೆಗಣ್ಣಿನ ಬಡಬಡಿಕೆ. ಸುಣ್ಣದಣ್ಣ ಕೋಟಿನೊಳಗಿಂದ ಪ್ಲಾಸ್ಟರ್ ಕೋಣೆಯ ಮರದ ಸುತ್ತಿಗೆ ಎಳೆದ. ಮೊದಲ ಏಟು ಬಾಯಿಗೆ ಬಿತ್ತು. ಆ ಮಾತಾಡಿದ ಬಾಯಿಗೆ. ತುಟಿ ಸೀಳಿತು, ಮುಂದಿನ ಹಲ್ಲುಗಳು ಒಳಕ್ಕೆ ಮಡಿಚಿಕೊಂಡವು. ಕಿರುಚಾಟ ರಕ್ತದಲ್ಲಿ ಗೊಳಗೊಳ ಎಂದಿತು. ಎರಡನೆಯದು ಕಪಾಲಕ್ಕೆ. ಮೂರನೆಯದಕ್ಕೆ ಎಲುಬು ಒಳಗಿಳಿದದ್ದು ಹಿಡಿಯವರೆಗೂ ತಿಳಿಯಿತು. ಆಮೇಲಿನವು ಅಗತ್ಯವಿರಲಿಲ್ಲ, ಆದರೂ ಹೊಡೆದ, ಹನ್ನೊಂದು ಜನರ ಲೆಕ್ಕಕ್ಕೆ. ಕೊನೆಗೆ ಜೋತುಬಿದ್ದ ತೋಳನ್ನೆತ್ತಿ, ನಾಯಿಯ ಹಾಗೆ ಕಚ್ಚಿ, ಮಾಂಸದಲ್ಲಿ ಸೊಟ್ಟ ಕೋರೆ ಇಳಿಯುವವರೆಗೆ ದವಡೆ ಬಿಗಿದ. ಎಂಜಲು ಉಳಿಯದಂತೆ ಸ್ಪಿರಿಟ್ಟಿನಲ್ಲಿ ಒರೆಸಿದ. ಅಷ್ಟು ನೆಮ್ಮದಿ ಅವನಿಗೆ ವರ್ಷದಿಂದ ಆಗಿರಲಿಲ್ಲ.

ರಕ್ತದ ಕೋಟನ್ನೂ ಸುತ್ತಿಗೆಯನ್ನೂ ಚೀಲಕ್ಕೆ ತುರುಕಿ, ಎರಡಕ್ಕೆ ಹತ್ತು ನಿಮಿಷವಿದ್ದಾಗ ಕೋಣೆಯೊಳಗಿದ್ದ. ಕವಚವೂ ಎರಡನೆಯ ಅಚ್ಚೂ ಯಂತ್ರದಲ್ಲಿ ಅರೆದು, ಬಿಳಿ ನೀರಾಗಿ ಮೋರಿಗೆ ಹರಿದವು.

ಸಂಜೆ ಐದಕ್ಕೆ ಪೊಲೀಸರು ಲ್ಯಾಬಿಗೆ ಬಂದರು, ಹಿಂದೆಯೇ ಟೈಲರ್. "ತುಕ್ಕುನೇ ಸಾರ್. ಆ ಹಲ್ಲು ಇನ್ಯಾರಿಗಿದೆ?" ಎಂದು ಅವನು ಆಣೆ ಇಟ್ಟ. ಇನ್ಸ್‌ಪೆಕ್ಟರ್ ಕೈಯಲ್ಲಿ ಕಚ್ಚಿದ ಗುರುತಿನ ಫೋಟೊ ಇತ್ತು. ಸುಣ್ಣದಣ್ಣ ಮೂಲೆಯಲ್ಲಿ ನಿಂತು, ನೋವಾದವನಂತೆ ತಲೆ ಅಲ್ಲಾಡಿಸಿದ.

ತುಕ್ಕುವನ್ನು ಕರೆತಂದರು. ಎಂದಿನಂತೆ ಬಾಯಿಗೆ ಅಂಗೈ ಅಡ್ಡ. ಬಿಕ್ಕುತ್ತಿದ್ದ.

"ಕೈ ತೆಗಿ" ಎಂದರು ಇನ್ಸ್‌ಪೆಕ್ಟರ್.

ಕೈ ಇಳಿಯಿತು. ಟೈಲರ್ ಹಿಂದಕ್ಕೆ ಸರಿದ. ತುಕ್ಕುವಿನ ಮುಂದಿನ ಹಲ್ಲುಗಳೆಲ್ಲ ಸಾಲಾಗಿ, ಅಚ್ಚುಕಟ್ಟಾಗಿ, ಹಾಲಿಗಿಂತ ಒಂದು ಛಾಯೆ ಕಡಿಮೆ ಬಿಳಿಯಾಗಿದ್ದವು.

"ಬೆಳಿಗ್ಗೆ ಹತ್ತಕ್ಕೆ ಡಾಕ್ಟ್ರೇ ಕೂರಿಸಿದ್ರು ಸಾರ್. ಹಲ್ಲು ಅರೀದೇನೇ ಮೇಲೇ ವಿನೀರ್ ಅಂತ ತೆಳು ಪಿಂಗಾಣಿ ಪದರ ಅಂಟಿಸಿದ್ರು. ಇನ್ನೂ ಬಿಳಿ ಇರ್ಲಿ ಅಂತ ಅವರು, ಬೇಡ ಅಂತ ನಾನು, ಅಷ್ಟು ಜಗಳ ಆಡಿದ್ವಿ. ಒಂದೂವರೆಗೆ ಮಗಳ ಶಾಲೇಲಿದ್ದೆ. ಅಪ್ಪ ಫೋಟೋದಲ್ಲಿ ನಗಲ್ಲ ಅಂತ ಅವಳಿಗೆ ಬೇಜಾರಿತ್ತು..." ಎಂದು ಫೋನ್ ಚಾಚಿದ. ಫೋಟೋದಲ್ಲಿ ಅಪ್ಪ, ಮಗಳು ಇಬ್ಬರೂ ನಗುತ್ತಿದ್ದರು.

ಇನ್ಸ್‌ಪೆಕ್ಟರ್ ಕಚ್ಚಿದ ಗುರುತಿನ ಸೊಟ್ಟ ಕೋರೆಯನ್ನೂ ತುಕ್ಕುವಿನ ಹೊಸ ಹಲ್ಲುಗಳನ್ನೂ ಹೋಲಿಸಿ ನೋಡಿದರು. ಆಮೇಲೆ, "ನಿನ್ನ ಹಳೇ ಹಲ್ಲಿನ ಅಚ್ಚು ಯಾರ ಕೈಗೆ ಸಿಕ್ಕಿತ್ತು?" ಎಂದು ಕೇಳಿದರು. ತುಕ್ಕು ಮೇಲೆ ಹೋಗಿ, ತನ್ನ ಕಪಾಟಿನಿಂದ ಪ್ಲಾಸ್ಟರಿನ ದವಡೆಗಳನ್ನು ತಂದಿಟ್ಟ. ಕಟ್ಟಿದ್ದ ಚೀಟಿ ಹಾಗೇ ಇತ್ತು. ಮೊದಲ ಸಾಲಿನಲ್ಲಿ ನಂಬರು, ಪಕ್ಕದಲ್ಲಿ ಎರೆದವನ ಸಹಿ, ಸುಣ್ಣದಣ್ಣನ ದುಂಡು ಸಹಿ. ಅದರ ಕೆಳಗೆ, ಅವನು ಹಟ ಹಿಡಿದು ಓದದೆ ಬಿಟ್ಟ ಸಾಲಿನಲ್ಲಿ, ಡಾಕ್ಟರ ತನ್ನ ಕೈಯಾರೆ ಬರೆದಿದ್ದ: 'ಮುಂದಿನ ಹತ್ತು ಹಲ್ಲಿಗೆ ವಿನೀರ್. ಬಣ್ಣವನ್ನು ಈ ಸಲ ಪಸೆ ಆರುವ ಮೊದಲೇ ನೋಡಿದ್ದೇನೆ.'