ಹೊಸ್ತಿಲಿಗೆ ಕಟ್ಟಿದ ನೂಲು

"ನೂಲ ಯಾರ ಹರದಾರು?"

"ನಾನ ಹರದೇನಿ. ಕಾಲಿದ್ದಾವ, ನಡದೇನಿ."

"ಎಲ್ಲಿಗೆ ಹೋಗಿದ್ದಿ?"

"ಗಿರಣಿಗೆ."

"ಗಿರಣ್ಯಾಗ ಯಾರಿದ್ರು?"

"ಹಿಟ್ಟಿತ್ತು" ಎಂದಳು ರೇಣುಕಾ. ಟೊಂಕದ ಮೇಲಿದ್ದ ಡಬ್ಬಿಯನ್ನು ಗಂಡನ ಕಾಲ ಬಳಿಯೇ ಕುಕ್ಕಿದಳು. ಗಿರಣಿಯಿಂದ ಬಂದ ಜೋಳದ ಹಿಟ್ಟು ಇನ್ನೂ ಬಿಸಿಯಾಗಿತ್ತು.

ಕೊಟ್ರೇಶ ಹರಿದ ಎಳೆಯನ್ನು ಸತ್ತ ಹಲ್ಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಬೆಟಗೇರಿಯ ನೇಕಾರ ಅವನು. ದಿನಾ ಮುಂಜಾನೆ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಗೆ ಇಳಿಯುವ ಮುಂಚೆ ಹೊಸ್ತಿಲಿಗೆ ಅಡ್ಡಲಾಗಿ, ಮೊಣಕಾಲಿನ ಮಟ್ಟಕ್ಕೆ, ಕೆಂಪು ರೇಷ್ಮೆಯ ಒಂದು ಎಳೆ ಬಿಗಿಯುತ್ತಿದ್ದ. ಹೆಂಡತಿ ಹೊರಗೆ ಹೋದರೆ ಅದು ಹರಿಯಬೇಕು, ಹರಿದರೆ ತನಗೆ ತಿಳಿಯಬೇಕು. ಕಾಲೆತ್ತಿ ಇಟ್ಟರೆ ದಾಟಬಹುದಿತ್ತು. ರೇಣುಕಾ ದಾಟುತ್ತಿರಲಿಲ್ಲ, ಬೇಕೆಂದೇ ಹರಿದುಕೊಂಡು ಹೋಗುತ್ತಿದ್ದಳು. ಕಳ್ಳರು ದಾಟುತ್ತಾರೆ, ನಾನೇಕೆ ದಾಟಲಿ ಎನ್ನುವ ಸೊಕ್ಕು ಅವಳದು.

"ಗದಗಕ್ಕ ನಡೀ" ಎಂದಳು. "ಡಾಕ್ಟರ್ ಮತ್ತ ಬಾ ಅಂದಿದ್ರು."

"ನನಗೇನಾಗೈತಿ? ಆಗಿದ್ದು ನಿನಗ."

ಹಾಗೆಂದು ಅವನು ಡಬ್ಬಿಯನ್ನು ಒದ್ದ. ಹಿಟ್ಟೆಲ್ಲ ಚೆಲ್ಲಿತು. ತನಗೆ ಯಾರೋ ಮಾಟ ಮಾಡಿಸಿದ್ದಾರೆ, ಅದು ಹಿಟ್ಟಿನಲ್ಲಿ ಬೆರೆತು ಮನೆಯೊಳಗೆ ಬರುತ್ತಿದೆ, ತರುವವಳು ಇವಳೇ ಎಂದು ಕೂಗಾಡಿದ. ರೇಣುಕಾಳ ತಲೆ ಕೆಟ್ಟಿತು. ಗೋಡೆಗೆ ನೇತುಹಾಕಿದ್ದ ಕತ್ತರಿ ತೆಗೆದುಕೊಂಡು ಮಗ್ಗದ ಕೋಣೆಗೆ ನುಗ್ಗಿದಳು. ಇವತ್ತು ನಿನ್ನ ಮಗ್ಗವನ್ನೇ ಬೋಳು ಮಾಡುತ್ತೇನೆ ಎಂದಳು.

ಅವಳ ಮುಂಗೈ ಹಿಡಿದದ್ದು ಗಂಡನಲ್ಲ. ಅವನ ಸೋದರತ್ತೆ ಮಂಜವ್ವ. ಗಂಡ ಸತ್ತ ಮೇಲೆ ತವರಿಗೆ ಬಂದು ಪಡಸಾಲೆಯ ಮೂಲೆ ಸೇರಿದ್ದ ಮುದುಕಿ.

"ಹೊಸ್ತಿಲದ್ದು ನೂರ ಸಲ ಹರಿ. ಮಗ್ಗದ್ದು ಮುಟ್ಟಬ್ಯಾಡ. ಹರದವ್ರ ಕೈಗೆ ಸುತಗೋತೈತಿ ಅದು."

"ಏನದು, ಹಾವೇನು?"

"ಕೂದ್ಲಾ" ಎಂದಳು ಮಂಜವ್ವ, ಬಲು ಸಣ್ಣ ದನಿಯಲ್ಲಿ.

ರೇಣುಕಾ ಜೋರಾಗಿ ನಕ್ಕುಬಿಟ್ಟಳು. ಹಾಗೆ ನಗಬಾರದಿತ್ತು.

ಮುಂಡರಗಿಯ ಹೆಣ್ಣು ಅವಳು. ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ತಾಯತ ಕಟ್ಟಿಕೊಂಡವರೂ ಕಡೆಗೆ ಜ್ವರದ ಗುಳಿಗೆಗೆ ಕೈಚಾಚುವುದನ್ನು ದಿನಾ ಕಂಡವಳು. ಮದುವೆಯಾಗಿ ಬಂದಾಗ ಕೊಟ್ರೇಶ ಮಾತು ಕಡಿಮೆಯ ಹುಡುಗನಂತೆ ಕಂಡಿದ್ದ. ಆಮೇಲೆ ಒಂದೊಂದೇ ಶುರುವಾಯಿತು. ಊಟ ಬಡಿಸಿದರೆ ಮೊದಲ ತುತ್ತು ಅವಳು ತಿಂದು ತೋರಿಸಬೇಕು. ಬೀದಿಯ ಕಡೆಯ ಕಿಟಕಿಗೆ ಹಲಗೆ ಬಡಿದ. ಅವಳ ಫೋನಿನಲ್ಲಿ ಯಾರೋ ಉಸಿರಾಡುತ್ತಾರೆ ಎಂದು ಅದನ್ನು ನೂಲಿಗೆ ಹಾಕುವ ಗಂಜಿಯ ಗಡಿಗೆಯಲ್ಲಿ ಮುಳುಗಿಸಿದ. ಸೀರೆ ಮುಗಿದ ದಿನ ಮಾತ್ರ, ಅದನ್ನು ಸಾವುಕಾರರಿಗೆ ಕೊಡಲು, ಅವನು ಮನೆಯಿಂದ ಹೊರಬೀಳುತ್ತಿದ್ದ. ಅಂಥದೊಂದು ದಿನ ತಲೆನೋವಿನ ನೆಪ ಹೇಳಿ ರೇಣುಕಾ ಅವನನ್ನು ಗದಗದ ಡಾಕ್ಟರ ಬಳಿ ಒಯ್ದಿದ್ದಳು. ಡಾಕ್ಟರು ಒಳ್ಳೆಯವರು. ಇದು ಮನಸ್ಸಿನ ಬೇನೆ, ಸಕ್ಕರೆ ಕಾಯಿಲೆಯಂತೆಯೇ, ತಪ್ಪದೆ ಗುಳಿಗೆ ನುಂಗಿದರೆ ನೀವು ಎಲ್ಲರಂತೆ ಬಾಳಬಹುದು ಎಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಅವನು ತಲೆಯಾಡಿಸಿದ್ದ. ದಿನಾ ಗುಳಿಗೆ ಬಾಯಿಗೆ ಹಾಕಿಕೊಂಡು ಮಗ್ಗಕ್ಕೆ ಇಳಿಯುತ್ತಲೂ ಇದ್ದ. ಗುಣ ಮಾತ್ರ ಕಾಣಲಿಲ್ಲ.

ಈ ಸಂಕಟವನ್ನು ಯಾರ ಮುಂದೆ ಹೇಳಬೇಕು? ತವರಿನವರು ಸಿಟ್ಟಿನ ಗಂಡ, ತಾಳಿಕೋ ಎಂದರು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ಮಾರಿಹೋಗಿ, ಮನೆಗಳಿಗೆ ಬೀಗ ಬಿದ್ದು, ಇಡೀ ಓಣಿಯಲ್ಲಿ ಸದ್ದು ಮಾಡುತ್ತಿದ್ದುದು ಇವರ ಮಗ್ಗವೊಂದೇ. ಅವಳು ಅತ್ತರೂ ಲಾಳಿಯ ಸದ್ದಿನಲ್ಲಿ ಅದು ಅವಳಿಗೇ ಕೇಳಿಸುತ್ತಿರಲಿಲ್ಲ.

ಅಂದು ಒಲೆಯ ಮುಂದೆ ಮಂಜವ್ವ ಪಿಸುಮಾತಿನಲ್ಲಿ ಕತೆ ಬಿಚ್ಚಿದಳು. ಕೊಟ್ರೇಶನ ಅಪ್ಪ ಲಕ್ಷ್ಮೇಶ್ವರದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದನಂತೆ. ಹೋದರೆ ಹಬ್ಬಕ್ಕೂ ಬರುತ್ತಿರಲಿಲ್ಲವಂತೆ. ಕೊಟ್ರೇಶನ ಅವ್ವ ಶಿರಹಟ್ಟಿ ಕಡೆಯ ಒಬ್ಬ ಮಾಟಗಾರನ ಮಾತು ಕೇಳಿ, ತನ್ನ ತಲೆಯ ಕೂದಲನ್ನೇ ಹೊಸೆದು ಮಗ್ಗದ ಎಳೆಗಳ ನಡುವೆ ಕೆಚ್ಚಿದಳಂತೆ. ನೇಕಾರರು ಸೀರೆ ಕೊಯ್ದ ಮೇಲೆ ಮಗ್ಗವನ್ನು ಬೋಳು ಬಿಡುವುದಿಲ್ಲ. ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಉಳಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಕೂಡಿಸುತ್ತಾರೆ. ಕೆಚ್ಚುವುದೆಂದರೆ ಅದು. ಹಾಗೆ ಕೂಡಿಸಿದ ಎಳೆ ಸೀರೆಯೊಂದಿಗೆ ಮುಂದೆ ಸರಿದು ಹೋಗಲೇಬೇಕು. ಆ ಕೂದಲು ಹೋಗಲಿಲ್ಲ. ಎಷ್ಟು ಸೀರೆ ಕೊಯ್ದರೂ ಹಣಿಗೆಯ ಹಿಂದೆ ಅದೇ ಜಾಗದಲ್ಲಿ ಇರುತ್ತಿತ್ತು.

"ಗಂಡ ಹೊಸ್ತಿಲ ದಾಟಬಾರ್ದು ಅಂತ ಮಾಡಿಸಿದ್ಲು" ಎಂದಳು ಮಂಜವ್ವ. "ದಾಟಲಿಲ್ಲ. ಮನ್ಯಾಗ ಕುಂತು ಸಂಶೆ ಹಿಡದು ಆಕೀನ್ನೂ ದಾಟಾಕ ಬಿಡಲಿಲ್ಲ. ಅವರಿಬ್ರೂ ಸತ್ತ ಮ್ಯಾಲೆ ಆ ಸಂಶೆ ಮಗನ್ನ ಹಿಡೀತು."

"ಹಂಗಾದ್ರ ಇವ್ರಿಗೆ ಡಾಕ್ಟರ್ ಬ್ಯಾಡ ಬಿಡ್ರಿ ಅತ್ತಿ. ಕ್ಷೌರದಂಗಡಿ ಸಾಕು."

ಮುದುಕಿ ನಗಲಿಲ್ಲ. ಬಾಗಿಲ ಕಡೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮರುದಿನದಿಂದ ಕೊಟ್ರೇಶ ಹೊಸ್ತಿಲ ನೂಲಿನ ಜೊತೆಗೆ ಇನ್ನೊಂದು ಎಳೆ ಕಟ್ಟತೊಡಗಿದ. ಅದರ ಒಂದು ತುದಿ, ನೇಯುವಾಗ ಹಿಂದೆ ಮುಂದೆ ಆಡುವ ಮಗ್ಗದ ಹಲಗೆಗೆ, ಇನ್ನೊಂದು ತುದಿ ರೇಣುಕಾಳ ಕಾಲುಂಗುರಕ್ಕೆ. ಅವನು ಹಲಗೆ ಬಡಿದಾಗಲೆಲ್ಲ ಅಡುಗೆಮನೆಯಲ್ಲಿ ಅವಳ ಬೆರಳು ಜಗ್ಗುತ್ತಿತ್ತು. ರೊಟ್ಟಿ ಬಡಿಯುವಾಗ ಜಗ್ಗು. ನೀರು ಕುಡಿಯುವಾಗ ಜಗ್ಗು. ಎಳೆ ಒಮ್ಮೆ ಸಡಿಲಾದರೆ ಅವನ ಕೂಗು. ತಾಳಿದಳು. ಬೇನೆಯ ಮನುಷ್ಯ, ಅವನ ತಪ್ಪಲ್ಲ ಎಂದು ಹಲ್ಲು ಕಚ್ಚಿ ತಾಳಿದಳು. ಗುಳಿಗೆ ಇಂದಲ್ಲ ನಾಳೆ ಕೆಲಸ ಮಾಡುತ್ತದೆ ಎಂದುಕೊಂಡಳು.

ಸೀರೆ ಮುಗಿಯಿತು. ಕೊಟ್ರೇಶ ಅದನ್ನು ಕೊಯ್ದು ಮಡಚಿ, ರೇಣುಕಾಳ ಕಾಲುಂಗುರದ ಎಳೆ ಬಿಚ್ಚಿ, ಮಂಜವ್ವನನ್ನು ಕಾವಲಿಗೆ ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಹೋದ. ಮಧ್ಯಾಹ್ನದ ಹೊತ್ತು. ಕುಣಿ ಗುಡಿಸೋಣವೆಂದು ರೇಣುಕಾ ಮಗ್ಗದೊಳಗೆ ಇಳಿದಳು. ಪಾದ ಏನೋ ಮೆತ್ತಗಿನದರ ಮೇಲೆ ಬಿತ್ತು. ಬಗ್ಗಿ ಮುಟ್ಟಿದಳು. ಬಿಳಿಯ ರಾಡಿ. ಮೂಸಿದಳು. ಗುಳಿಗೆಗಳು. ನುಂಗದೆ ಉಗುಳಿದ, ತೇವಕ್ಕೆ ಕರಗಿದ, ಅಷ್ಟೂ ಗುಳಿಗೆಗಳು.

ಅವಳು ಅಳಲಿಲ್ಲ. ಕತ್ತರಿ ತಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಹಲಗೆ ಬಡಿದ ಕಿಟಕಿಯ ಆ ಕೋಣೆಯಲ್ಲಿ ಹಗಲೆಂಬುದೇ ಉಳಿಯಲಿಲ್ಲ. ಹುಳಿಹಿಡಿದ ಗಂಜಿಯ ವಾಸನೆ. ಹಸಿ ಮಣ್ಣಿನ ವಾಸನೆ. ಅವೆರಡರ ಅಡಿಯಿಂದ ಇನ್ನೊಂದು ಮೇಲೆದ್ದಿತು. ಕೊಬ್ಬರಿ ಎಣ್ಣೆ, ಸೀಗೆಕಾಯಿ. ಈಗಷ್ಟೇ ತಲೆಗೆ ಎರೆದುಕೊಂಡು ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಂತೆ. ರೇಣುಕಾ ಹಣಿಗೆಯ ಹಿಂದೆ ಕೈಯಾಡಿಸಿದಳು. ಎಳೆ, ಎಳೆ, ಎಳೆ. ಆಮೇಲೆ ಎಳೆಯಲ್ಲದ್ದು. ದಪ್ಪ, ನುಣುಪು. ಬೆಚ್ಚಗಿತ್ತು.

ಸತ್ತವಳ ಕೂದಲು ಬೆಚ್ಚಗಿರುವುದಿಲ್ಲ ಎಂದು ಅವಳ ಬುದ್ಧಿ ಹೇಳಿತು. ಸೊಕ್ಕು ಕತ್ತರಿ ಒತ್ತಿತು.

ಕಚ್.

ಮಗ್ಗ ನರಳಿತು. ಮರ ನರಳುತ್ತದೆಯೇ? ನರಳಿತು. ಮಗ್ಗದ ಹಲಗೆ ತಾನಾಗಿ ಹಿಂದೆ ಹೋಯಿತು. ತಾನಾಗಿ ಮುಂದೆ ಬಡಿಯಿತು. ಮತ್ತೆ ಬಡಿಯಿತು. ಅವಳ ಕಾಲುಂಗುರ ಜಗ್ಗಿತು. ಅದಕ್ಕೆ ನೂಲೇ ಇರಲಿಲ್ಲ. ಜಗ್ಗಿತು. ತೋರುಬೆರಳ ಸುತ್ತ ಏನೋ ಹರಿದಾಡಿತು. ಒಂದು ಸುತ್ತು. ಎರಡು. ಬಿಗಿಯಿತು. ಕಿತ್ತಳು. ಕೈಗೆ ಏನೂ ಸಿಗಲಿಲ್ಲ. ಕಿವಿಯ ಬಳಿ ಒಂದು ಉಸಿರು. ಎಣ್ಣೆಯ ಉಸಿರು. ಕುಣಿಯಿಂದ ಮೇಲೆ ಹತ್ತಿದಳು. ಬಿದ್ದಳು. ಹತ್ತಿದಳು. ಬಾಗಿಲು ಬಡಿದಳು.

ಹೊರಗಿನ ಕಟ್ಟೆಯಿಂದ ಮಂಜವ್ವನ ದನಿ ಬಂತು.

"ಹರದೇನ?"

ರೇಣುಕಾ ಬಾಗಿಲು ಬಡಿಯುತ್ತಲೇ ಇದ್ದಳು. ಹೊರಗೆ ಮುದುಕಿ ಸಣ್ಣಗೆ ಅಳತೊಡಗಿದಳು.

ಸಂಜೆಗೆ ಬೀಗ ತೆಗೆದು ಬಂದವನು ಬೇರೆ ಕೊಟ್ರೇಶ. ಕತ್ತರಿ ಬಿದ್ದ ಮಗ್ಗವನ್ನು ನೋಡಿದ. ಬೈಯಲಿಲ್ಲ. ಬಾವು ಇಳಿದವನಂತೆ ಉದ್ದನೆಯ ಉಸಿರು ಬಿಟ್ಟ. ಬಡಿಸಿದ್ದನ್ನು ಹಾಗೆಯೇ ಉಂಡ. ಮರುದಿನ ಕಿಟಕಿಯ ಹಲಗೆ ಕಿತ್ತ. ಬೆಳಕು ಕಂಡು ನಕ್ಕ. ಹೊಸ್ತಿಲಿಗೆ ನೂಲು ಕಟ್ಟಲಿಲ್ಲ. ನಾನು ನಿನಗೆ ಬಹಳ ತ್ರಾಸು ಕೊಟ್ಟೆ, ಮುಂಡರಗಿಗೆ ಹೋಗಿ ನಿಮ್ಮವ್ವನನ್ನು ಕಂಡು, ಬರುವಾಗ ಡಂಬಳದ ಕೆರೆಯ ಏರಿಯ ಮೇಲೆ ಕೂತು ಬರೋಣ ಎಂದ. ಈ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳು! ಈಗ ಅದು ಕಿವಿಗೆ ಬಿದ್ದಾಗ ಅವಳಿಗೆ ತೋಚಿದ್ದು ಒಂದೇ. ಇವನು ಯಾಕೆ ನಗುತ್ತಿದ್ದಾನೆ? ಹೊರಗೆ ಯಾರನ್ನು ಕಂಡು ಬಂದ?

ಬೆರಳು ಬಿಗಿಯಿತು.

ಅವನು ಅಂಗಡಿಗೆ ಹೋದರೆ ಅವಳು ಬಾಗಿಲಲ್ಲಿ ನಿಂತು ಕಾಯತೊಡಗಿದಳು. ಅವನ ಅಂಗಿ ಮೂಸಿದಳು. ಮಂಜವ್ವ ಕುದಿಸಿದ ಚಹದಲ್ಲಿ ಕೊಬ್ಬರಿ ಎಣ್ಣೆ ನಾರಿತು. ಮುದುಕಿ ಮೊದಲು ಕುಡಿಯಲಿ ಎಂದು ಕಪ್ಪು ಮುಂದೆ ತಳ್ಳಿದಳು. ಕಿಟಕಿಯಿಂದ ಬೀದಿ ಒಳಗೆ ಇಣುಕುತ್ತಿತ್ತು. ಹಲಗೆ ಹುಡುಕಿ ತಾನೇ ಮೊಳೆ ಹೊಡೆದಳು. ಹೊಡೆಯುವಾಗ ಗೊತ್ತಿತ್ತು, ಇದು ಅವನ ಕೆಲಸ, ತನ್ನದಲ್ಲ ಎಂದು. ಕೈ ನಿಲ್ಲಲಿಲ್ಲ. ಕೊಟ್ರೇಶನೇ ಗದಗದಲ್ಲಿ ಡಾಕ್ಟರನ್ನು ಕಂಡು ಅವಳಿಗೆ ಗುಳಿಗೆ ತಂದ. ಅವಳು ನಾಲಗೆಯ ಅಡಿ ಇಟ್ಟುಕೊಂಡು, ಕಸ ಗುಡಿಸುವ ನೆಪದಲ್ಲಿ, ಮಗ್ಗದ ಕುಣಿಗೆ ಉಗುಳಿದಳು. ಬಿಳಿಯ ರಾಡಿಯ ಮೇಲೆ ಬಿಳಿಯ ಗುಳಿಗೆ. ನೋಡುತ್ತ ನಿಂತಳು. ಒಳಗೆ ಎಲ್ಲೋ ಔಷಧಿ ಅಂಗಡಿಯ ಹಳೆಯ ರೇಣುಕಾ ನುಂಗು, ನುಂಗು ಎಂದು ಕೂಗುತ್ತಿದ್ದಳು. ಬಹಳ ದೂರದಿಂದ, ಬೀಗ ಹಾಕಿದ ಕೋಣೆಯಿಂದ ಕೂಗಿದಂತೆ.

ಒಂದು ಮುಂಜಾನೆ ಅವನಿಗಿಂತ ಮೊದಲೇ ಎದ್ದು ಹೊಸ್ತಿಲಿಗೆ ಕೆಂಪು ಎಳೆ ಬಿಗಿದಳು. ಮೊಣಕಾಲಿನ ಮಟ್ಟಕ್ಕೆ. ಕೊಟ್ರೇಶ ಅರಿಯದೆ ನಡೆದು, ಹಾಲು ತಂದು, ಹರಿದ ನೂಲಿನ ಮುಂದೆ ನಿಂತ.

"ಎಲ್ಲಿಗೆ ಹೋಗಿದ್ದಿ?" ಎಂದಳು ಅವಳು.

ಅವನ ಮುಖ ಬಿಳಿಚಿತು. ಆ ಮಾತು ಯಾರದೆಂದು ಅವನಿಗೆ ಗೊತ್ತಿತ್ತು.

"ರೇಣುಕಾ, ಡಾಕ್ಟರ್ ಹತ್ರ ಹೋಗೂಣು. ನಾ ಸಂಗಾಟ ಬರ್ತೀನಿ."

ಬರುತ್ತೇನೆ ಎನ್ನಬೇಕೆಂದು ಅವಳು ಬಾಯಿ ತೆರೆದಳು. ದೇವರಾಣೆಗೂ ಹಾಗೇ ಎನ್ನಬೇಕೆಂದಿದ್ದಳು. ಬಂದದ್ದು ಬೇರೆ.

"ನನಗೇನಾಗೈತಿ? ಆಗಿದ್ದು ನಿನಗ."

ಕೊಟ್ರೇಶ ಗೋಡೆಗೆ ಒರಗಿ ಕೂತುಬಿಟ್ಟ. ಇಂಥದನ್ನು ಯಾರಾದರೂ ತಾಳುತ್ತಾರೇನು ಎಂದು ಅತ್ತೆಯನ್ನು ಕೇಳಿದ. ಮಂಜವ್ವ ಅವನನ್ನೇ ನೋಡಿದಳು. ತಾಳಿದವಳು ಎದುರಿಗೇ ನಿಂತಿದ್ದಳು, ಕೈಯಲ್ಲಿ ಹರಿದ ಎಳೆ ಹಿಡಿದು. ಅವನ ಬೇನೆಯನ್ನು ಅವಳು ಹಲ್ಲು ಕಚ್ಚಿ ಹೊತ್ತಿದ್ದಳು. ಅವಳದನ್ನು ಅವನು ಒಂದು ವಾರ ಹೊರಲಿಲ್ಲ. ಗಂಡಸರ ತಾಳ್ಮೆ ಅಷ್ಟೇ, ಸೀರೆಯ ಸೆರಗಿನಷ್ಟು ಉದ್ದವೂ ಇರುವುದಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದ. ಅವಳು ಹೊಸ ಎಳೆ ಬಿಗಿದಿದ್ದಳು. ಕತ್ತಲೆಯಲ್ಲೂ ಅದು ಕೆಂಪಗೆ ಹೊಳೆಯುತ್ತಿತ್ತು. ಕೊಟ್ರೇಶ ಒಮ್ಮೆ ಹಿಂದಿರುಗಿ ನೋಡಿದ. ಲುಂಗಿ ಎತ್ತಿ ಹಿಡಿದು, ಒಂದು ಕಾಲು ಆಚೆ ಇಟ್ಟ. ಇನ್ನೊಂದು ಕಾಲು. ನೂಲಿಗೆ ಸೋಕದಂತೆ, ಕಳ್ಳನಂತೆ ದಾಟಿದ. ಅವನ ಚಪ್ಪಲಿಯ ಸದ್ದು ಬೀಗ ಬಿದ್ದ ಮನೆಗಳ ಮುಂದೆ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಇಲ್ಲ.

ಅವನು ಮತ್ತೆ ಬರಲಿಲ್ಲ.

ಮಂಜವ್ವ ದಿನಾ ಹೇಳುತ್ತಾಳೆ. ಹೋದ ನೋಡವ್ವಾ, ಅವ ಹೋದ, ನೀನರ ಆಸ್ಪತ್ರಿಗೆ ನಡೀ ಎಂದು ಕೈ ಮುಗಿಯುತ್ತಾಳೆ. ರೇಣುಕಾ ಕೇಳಿಸಿಕೊಳ್ಳುವುದಿಲ್ಲ. ಎರಡು ತಾಟು ಹಾಕುತ್ತಾಳೆ. ಒಂದನ್ನು ಮಗ್ಗದ ಕೋಣೆಯ ಬಾಗಿಲಲ್ಲಿ ಇಟ್ಟು, ಒಳಗಿನ ಕತ್ತಲೆಗೆ ಊಟಕ್ಕೆ ಏಳು ಎನ್ನುತ್ತಾಳೆ. ಆಮೇಲೆ ಹೊಸ್ತಿಲಿಗೆ ಹೋಗಿ ಕೂತು, ಬೆರಳಿನಿಂದ ಎಳೆಯನ್ನು ಮೀಟಿ ನೋಡುತ್ತಾಳೆ.

ನೂಲು ಹರಿದಿಲ್ಲ. ಹರಿದಿಲ್ಲವೆಂದ ಮೇಲೆ ಯಾರೂ ಹೊರಗೆ ಹೋಗಿಲ್ಲ.