ಎರಡನೆಯ ವಚನ

"ಎರಡನೇ ವಚನ ಯಾಕ ಬಿಟ್ಟಿ? ಅದನ್ನೂ ಓದು!" ರಾಹೇಲಮ್ಮ ಗದರಿದರು.

"ನಂದು ಮೂರನೇದು ಅಜ್ಜಿ. ಎರಡನೇದು ಅಪ್ಪ ಓದಿದ್ರಲ್ಲ!"

ಎಂಟು ವರ್ಷದ ಸ್ನೇಹಾ ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ, ಅಜ್ಜಿಯ ತೊಡೆಯ ಮೇಲಿದ್ದ ಬೈಬಲ್ಲು, ಅವರ ಸತ್ಯವೇದ, ಜಾರಿ ಚಾಪೆಗೆ ಬಿತ್ತು. ಅವಳ ಅಪ್ಪ ಜಯಶೀಲ ಮಣ್ಣು ಸೇರಿ ನಲವತ್ತು ದಿನ ಕಳೆದಿತ್ತು. ಮಗುವಿಗೆ ಭ್ರಮೆ ಎನ್ನೋಣವೆಂದರೆ ಹೇಗೆ? ರಾಹೇಲಮ್ಮನಿಗೂ ಅದು ಕೇಳಿಸಿತ್ತು...

ಹರಿಹರದ ಆ ಪುಟ್ಟ ಮನೆಯಲ್ಲಿ ಸಂಜೆ ಏಳಕ್ಕೆ ಚಾಪೆ ಹಾಸುವುದು ರಾಹೇಲಮ್ಮನ ಮಾವನವರ ಕಾಲದಿಂದ ಬಂದ ಪದ್ಧತಿ. ಸುತ್ತ ಕೂತವರು ಸರದಿಯಂತೆ ಒಂದೊಂದು ವಚನ ಓದಬೇಕು. ಮೊದಲನೆಯದು ರಾಹೇಲಮ್ಮನದು, ಎರಡನೆಯದು ಜಯಶೀಲನದು, ಮೂರನೆಯದು ಸ್ನೇಹಾಳದು. ಜಯಶೀಲನಿಗೆ ಚಿಕ್ಕಂದಿನಿಂದ ದಮ್ಮು. ಅರ್ಧ ವಚನಕ್ಕೆ ನಿಂತು, ಸುಂಯ್ ಎಂದು ಉಸಿರೆಳೆದುಕೊಂಡು ಉಳಿದರ್ಧ ಓದುತ್ತಿದ್ದ. ಕೊನೆಗೆ ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದಾಗಲೇ ಆ ಉಸಿರು ನಿಂತುಹೋಯಿತು. ನಲವತ್ತು ದಿನದ ಪ್ರಾರ್ಥನೆ ಮುಗಿದ ಮಾರನೆಯ ಸಂಜೆ ಮತ್ತೆ ಚಾಪೆ ಹಾಸಿದಾಗ, ಅವನ ಖಾಲಿ ಜಾಗದಿಂದ ಅರ್ಧ ವಚನ ಕೇಳಿಸಿತು... ಆಮೇಲೆ ಸುಂಯ್ ಎಂಬ ಉಸಿರು... ಆಮೇಲೆ ಉಳಿದರ್ಧ!

ಅಂದಿನಿಂದ ದಿನವೂ ಅದೇ. ಅಜ್ಜಿ, ಮೊಮ್ಮಗಳು ಇಬ್ಬರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಮುದುಕಿಗೆ ಅರಳುಮರಳು ಎಂದಾರು. ನಿಜ ಹೇಳಬೇಕೆಂದರೆ, ಭಯವಿದ್ದರೂ ಆ ತಾಯಿ ಬೆಳಗಿನಿಂದಲೇ ಸಂಜೆ ಏಳಕ್ಕೆ ಕಾಯತೊಡಗಿದ್ದರು.

ಇಷ್ಟೆಲ್ಲ ನಡೆಯುವಾಗ ಸೊಸೆ ಉಮಾಮಹೇಶ್ವರಿ ಅಡುಗೆಮನೆಯ ಹೊಸ್ತಿಲಾಚೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಶಾಮನೂರಿನ ಶೈವರ ಮನೆಯ ಹುಡುಗಿ, ಜಯಶೀಲ ಒಲಿದು ತಂದವಳು. ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆಯುವ ಕೆಲಸ. ದೀಕ್ಷಾಸ್ನಾನ ಆಗದವಳು ಚಾಪೆಯ ಮೇಲೆ ಕೂರಕೂಡದೆಂದು ರಾಹೇಲಮ್ಮ ಮದುವೆಯಾದ ವಾರವೇ ಕಟ್ಟಳೆ ಹಾಕಿದ್ದರು. ಚರ್ಚಿನ ಅಯ್ಯನವರು, "ಕೂಡ್ಲಿ ಬಿಡ್ರಿ, ಅದರಾಗೇನೈತೆ?" ಎಂದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ, ಈ ಮನೆಯ ಪೂಜಾರಿ ರಾಹೇಲಮ್ಮನೇ! ಒಂಬತ್ತು ವರ್ಷ ಸೊಸೆಯನ್ನು ಅವರು ಹೆಸರು ಹಿಡಿದು ಕರೆದಿರಲಿಲ್ಲ.

ಗಂಡನೇ ಇಲ್ಲದ ಮೇಲೆ ಕೂರಲು ಜಾಗವಿಲ್ಲದ ಮನೆಯಲ್ಲಿ ಯಾರಿಗಾಗಿ ಇರಬೇಕು? ಭಾನುವಾರ ಉಮಾಳ ಅಣ್ಣ ಕೊಟ್ಟೂರೇಶ್ ಬಂದು ತಾಯಿ ಮಗಳನ್ನು ಶಾಮನೂರಿಗೆ ಕರೆದೊಯ್ಯುವುದೆಂದು ಮಾತಾಯಿತು. ರಾಹೇಲಮ್ಮನ ಎದೆ ಒಡೆದಂತಾಯಿತು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾಗಿತ್ತು. ಓದುವವಳೆಂದರೆ ಆ ಮಗು ಒಂದೇ. ಅವಳೂ ಹೋದರೆ ಮೂರು ತಲೆಮಾರಿನ ಸರದಿ ತನ್ನ ಕಣ್ಣೆದುರೇ ಮುಗಿಯುತ್ತದೆ. ಮತ್ತೆ ಆ ದನಿ? ಬೆಳಗಾದರೆ ಅದನ್ನೂ ಕಳೆದುಕೊಂಡು ಬದುಕಬೇಕೆ?

ಶನಿವಾರ ಸಂಜೆ ಕಡೆಯ ಬಾರಿಗೆಂದು ಚಾಪೆ ಹಾಸಿದರು. ಅಂದು ದೇವರೇ ನನ್ನ ಕುರುಬನೆಂಬ ಕೀರ್ತನೆ. ರಾಹೇಲಮ್ಮ ಮೊದಲನೆಯ ವಚನವನ್ನು ಬಾಯಿಪಾಠದಿಂದ ಹೇಳಿದರು. ಅರ್ಧ ವಚನ... ಸುಂಯ್... ಉಳಿದರ್ಧ. ಆದರೆ ಇಂದು ಒಂದು ದನಿಯ ಬೆನ್ನಿಗೆ ಇನ್ನೊಂದು ದನಿ! ಒಂದು ಪಕ್ಕದ ಖಾಲಿ ಜಾಗದಿಂದ, ಒಂದು ಅಡುಗೆಮನೆಯಿಂದ. ರಾಹೇಲಮ್ಮ ಕೈ ಚಾಚಿ ಮಗನ ಜಾಗವನ್ನು ಮುಟ್ಟಿದರು. ಚಾಪೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೂತಿದ್ದಂತೆ.

ಗೋಡೆ ಹಿಡಿದು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಹಿಟ್ಟಿನ ಕೈಯಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಉಮಾ ಬಿಕ್ಕುತ್ತಿದ್ದಳು.

"ನೀನೇನು... ನೀನೇನು ಓದಿದ್ದು?"

"ತಪ್ಪಾತು ಅತ್ತೆಮ್ಮ! ನಾಳೆ ಹೋಗ್ತೀವಲ್ಲ... ತಡಿಲಾರದೆ ಬಾಯಿಗೆ ಬಂತು."

"ನಿಂಗೆ ಯಾರು ಕಲಿಸಿದ್ರು? ಅವನಂಗೇ ಉಸಿರು ಎಳೀತಿ!"

"ಅವರು ಹೇಳೋದು ಕೇಳಿ ಕಲ್ತೆ. ಒಂಬತ್ತು ವರ್ಷ ಇಲ್ಲೇ ಕೂತೀನಲ್ರಿ. ದಮ್ಮು ಹತ್ತಿ ಅವರು ಮಧ್ಯ ನಿಂತಾಗ ಮುಂದಿನ ಮಾತು ಇಲ್ಲಿಂದ್ಲೇ ಮೆಲ್ಲಕ ಎತ್ತಿ ಕೊಡ್ತಿದ್ದೆ. ನಿಮಗ ಗೊತ್ತಾಗ್ಲಿಲ್ಲ. ನಮ್ಮಪ್ಪನೂ ದಿನಾ ಬೆಳಿಗ್ಗೆ ಶರಣರ ವಚನ ಹೇಳಿಸ್ತಿದ್ರು, ಬಾಯಿಪಾಠ ನಂಗೆ ಹೊಸದೇನಲ್ಲ. ಸ್ನೇಹಾಗೆ ಜಡೆ ಹಾಕೋವಾಗ ಹೇಳಿಕೊಟ್ಟಾಕಿನೂ ನಾನೇ. ಅವರಪ್ಪಂದು ಅವಳಿಗೆ ಸಿಗಲಿ ಅಂತ. ನನ್ನ ಹಣೆ ಮೇಲಿನ ವಿಭೂತಿ ಮಾತ್ರ ನಾ ಬಿಡಾಕಿಲ್ಲ ಅತ್ತೆಮ್ಮ."

ಹಿತ್ತಲ ಗಿಡ ಮದ್ದಲ್ಲ! ತಾನು ಗದರಿ ಕಲಿಸಿದೆನೆಂದು ಬೀಗುತ್ತಿದ್ದುದನ್ನು ನಿಜವಾಗಿ ಮಗುವಿನ ಎದೆಗೆ ಇಳಿಸಿದವಳು ಈ ಸೊಸೆ! ರಾಹೇಲಮ್ಮ ಹೊಸ್ತಿಲಲ್ಲೇ ಕುಸಿದು ಸೊಸೆಯ ಹಿಟ್ಟಿನ ಕೈ ಹಿಡಿದುಕೊಂಡರು.

"ಇರಲಿ ಬಿಡವ್ವ, ವಿಭೂತಿ ಇರಲಿ. ನಾನು ಪಾಪಿ... ಹೊಸ್ತಿಲಾಚೆ ಕೂರಿಸಿದ್ದು ನಾನು, ದೇವರಲ್ಲ. ಉಮಾಮಹೇಶ್ವರಿ... ಬಾ, ಚಾಪೆ ಮೇಲೆ ಬಾ."

ತನ್ನ ಹೆಸರು ಕೇಳಿ ಉಮಾ ಗಟ್ಟಿಯಾಗಿಯೇ ಅತ್ತುಬಿಟ್ಟಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ನಡೆಯುತ್ತಲೇ ರಾಹೇಲಮ್ಮ ಕೇಳಿದರು:

"ಇಪ್ಪತ್ತು ದಿನದಿಂದ ಹೇಳ್ತಿದ್ದಾಕಿನೂ ನೀನೇ ಹೌದಲ್ಲ? ನಾನು ಏನೇನೋ ತಿಳ್ಕಂಡೆ."

ಉಮಾ ನಿಂತಳು.

"ಇಲ್ಲ ಅತ್ತೆಮ್ಮ... ಅವರು ಹೋದ ಮ್ಯಾಲೆ ನಾನು ಬಾಯಿ ಬಿಟ್ಟಿದ್ದು ಇವತ್ತೇ. ಇಷ್ಟು ದಿನ ನಾನೂ ಕೇಳಿಸಿಕೊಳ್ತಿದ್ದೆ. ಅಲ್ಲಿಂದ..."

ಅವಳು ಖಾಲಿ ಜಾಗದತ್ತ ನೋಡಿದಳು. ಸ್ನೇಹಾ ತುಸು ಸರಿದು ತನ್ನ ಇನ್ನೊಂದು ಮಗ್ಗುಲಿನ ಚಾಪೆಯನ್ನು ಕೈಯಿಂದ ಒರೆಸಿದಳು.

"ಅಮ್ಮ, ಅಲ್ಲಿ ಬ್ಯಾಡ, ಅಪ್ಪ ಕೂತಾರೆ. ಈ ಕಡೆ ಬಾ."

ಉಮಾ ಕೊಟ್ಟೂರೇಶನಿಗೆ ಫೋನ್ ಮಾಡಿ, "ನಾಳೆ ಬರಬ್ಯಾಡ ಅಣ್ಣ, ಆಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿ, ಕೈ ತೊಳೆದು ಬಂದು ಮಗಳ ಪಕ್ಕ ಕೂತಳು. ಕೀರ್ತನೆಯನ್ನು ಮೊದಲಿನಿಂದ ಹಿಡಿದರು. ಮೊದಲನೆಯ ವಚನ ಹೇಳಿ ರಾಹೇಲಮ್ಮ ಕಾದರು. ಅರ್ಧ ಬಂತು, ಉಸಿರು ಬಂತು, ಉಳಿದರ್ಧವೂ ಬಂತು. ಮೂರನೆಯದನ್ನು ಸ್ನೇಹಾ ಓದಿದಳು. ನಾಲ್ಕನೆಯದು, ಕತ್ತಲ ಕಣಿವೆಯಲ್ಲೂ ಹೆದರೆನೆಂಬ ವಚನ, ಉಮಾಳ ಪಾಲಿಗೆ ಬಂತು. ಅವಳು ಪುಸ್ತಕ ನೋಡದೆ ಹೇಳಿದಳು.

ಇಷ್ಟು ವರ್ಷ ನಾಲ್ಕನೆಯದಕ್ಕೇ ತಿರುಗಿ ಬರುತ್ತಿದ್ದ ಸರದಿ, ಈಗ ನಾಲ್ವರನ್ನು ಸುತ್ತಿ ಐದನೆಯದಕ್ಕೆ ಮತ್ತೆ ರಾಹೇಲಮ್ಮನಿಗೆ ಬಂತು.